ಓಡಿಹೋದ ಯಾದಿ

“ನನ್ನ ಹೆಸರ ಯಾರ ನುಂಗಿದ್ರಬೇ?” ಸಕ್ಕುಬಾಯಿ ಸಕ್ಕರೆ ಕಾರ್ಖಾನೆಯ ಕಬ್ಬಿನ ಆಫೀಸಿನ ಕಿಟಕಿಗೆ ಎರಡೂ ಮೊಳಕೈ ಊರಿ ಕೇಳಿದಳು.

ಹೊರಗೆ ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ ಸಿದ್ದಲಿಂಗ ಟ್ರ್ಯಾಕ್ಟರ್ ಬಂದ್ ಮಾಡದೆ ಕೂತಿದ್ದ. “ಲಗೂ ಹೇಳ್ರಿ. ಯಾದ್ಯಾಗ ಹೆಸರಿಲ್ಲಂದ್ರ ಗ್ಯಾಂಗ್ ಹಾರೂಗೇರಿಗೆ ಹೊಕ್ಕೈತಿ.”

ಅವನ ಕೈಯಲ್ಲಿದ್ದ ಚೀಟಿ, ಈ ಸರದಿಗೆ ಯಾರ ಯಾರ ಕಬ್ಬು ಕಡಿಯಬೇಕೆಂಬ ಯಾದಿ, ತಬಸ್ಸುಮ್ ನಿನ್ನೆ ಬರೆದುಕೊಟ್ಟದ್ದು. ಅವಳು ಕಂಪ್ಯೂಟರಿನ ಮುಂದೆ ಕೂತು ಇನ್ನೂ ಮೂರೇ ದಿನ. ಪ್ರಿಂಟರ್ ಕೆಟ್ಟಿತ್ತು, ಕಪ್ಪು ಪರದೆಯ ಮೇಲೆ ಕಂಡ ಇಪ್ಪತ್ನಾಲ್ಕು ಹೆಸರುಗಳನ್ನು ದುಂಡಗೆ ನಕಲು ಮಾಡಿದ್ದಳು.

“ಕಬ್ಬ ಹೂ ಬಿಟ್ಟೈತಿ,” ಎಂದಳು ಸಕ್ಕುಬಾಯಿ. “ಇನ್ನೊಂದ ತಿಂಗಳ ನಿಂತ್ರ ಬೆಂಡ ಆಕ್ಕೈತಿ. ಮತ್ತೊಮ್ಮಿ ನೋಡ.”

ತಬಸ್ಸುಮ್ ಕಮಾಂಡ್ ಕೊಟ್ಟಳು. ಹೆಸರುಗಳು ಸರ್ರನೆ ಮೇಲಕ್ಕೆ ಓಡಿ, ಅವೇ ಇಪ್ಪತ್ನಾಲ್ಕು ನಿಂತವು.

“ತಡಿ ತಡಿ. ಓಡಿ ಹೋದವ್ರ ಯಾರು?” ಸಕ್ಕುಬಾಯಿ ಕಿಟಕಿಯೊಳಗೆ ತಲೆ ತೂರಿಸಿದಳು.

ತಬಸ್ಸುಮಳ ಕಿವಿ ಬಿಸಿಯಾದವು. ಇಲ್ಲಿ ಉಳಿದದ್ದು ಯಾದಿಯ ಕೊನೆಯ ತುಂಡು ಮಾತ್ರ! ರಜೆಯ ಮೇಲೆ ಹೋದ ಹಿರಿಯ ಗುಮಾಸ್ತ ಧರಣೇಂದ್ರ ಸರ್ ಮೇಜಿನ ಗಾಜಿನಡಿ ಬರೆದಿಟ್ಟಿದ್ದು ಈಗ ಕಣ್ಣಿಗೆ ಬಿತ್ತು: ‘ಯಾದಿ ಉದ್ದ ಇದ್ದರೆ ಲೆಸ್ ಹಚ್ಚು, ಒಂದೊಂದೇ ಪುಟ ನಿಲ್ಲುತ್ತದೆ.’ ಅದೇ ಕಮಾಂಡಿನ ಬಾಲಕ್ಕೆ ಒಂದು ನೆಟ್ಟನೆ ಗೀಟು ಹಾಕಿ ‘ಲೆಸ್’ ಎಂದು ಒತ್ತಿದಳು. ಯಾದಿ ಈ ಸಲ ಮೊದಲ ಪುಟದಲ್ಲೇ ನಿಂತಿತು. ಸ್ಪೇಸ್ ಒತ್ತಿದರೆ ಇನ್ನೊಂದು ಪುಟ. ಅದರ ನಡುವೆ, ದಿಗ್ಗೇವಾಡಿ, ಸಕ್ಕುಬಾಯಿ, ಎರಡು ಎಕರೆ.

ತಪ್ಪನ್ನು ಸುಮ್ಮನೆ ಕೆಟ್ಟ ಪ್ರಿಂಟರಿನ ಮೇಲೆ ಹಾಕಿಬಿಡಬಹುದಿತ್ತು. ತಬಸ್ಸುಮ್ ಎದ್ದು ಬಾಗಿಲಿಗೆ ಬಂದಳು.

“ಸಿದ್ದಲಿಂಗಣ್ಣಾ, ತಪ್ಪ ನಂದರಿ. ನಾ ಬಾಲ ಅಷ್ಟ ಬರದ ಕೊಟ್ಟೇನಿ. ತಲಿ ಇಲ್ಲೇ ಉಳದೈತಿ.”

ಸಿದ್ದಲಿಂಗ ಚೀಟಿಯನ್ನು ತಿರುವಿ ಮುರುವಿ ನೋಡಿದ. “ಅಂದ್ರ ನಾ ಎಮ್ಮಿ ಬಿಟ್ಟ ಬಾಲ ಹೊಡಕೊಂಡ ಹೊಂಟಿದ್ನೇನವಾ!”

ಟ್ರಾಲಿಯಲ್ಲಿದ್ದ ಹೆಂಗಸರೆಲ್ಲ ಕುಡುಗೋಲು ಬಡಿಯುತ್ತ ನಕ್ಕರು. ಅವನೂ ನಕ್ಕು, ಟ್ರ್ಯಾಕ್ಟರಿನ ಮೂತಿಯನ್ನು ದಿಗ್ಗೇವಾಡಿ ಕಡೆ ತಿರುಗಿಸಿದ. “ಬಾ ಆಯಿ, ಹತ್ತ.”

ಸಕ್ಕುಬಾಯಿ ಹತ್ತಲಿಲ್ಲ. ಒಳಗೆ ಬಂದು ತಬಸ್ಸುಮಳ ಕುರ್ಚಿಯಲ್ಲೇ ಕೂತಳು.

“ನನ್ನ ಬದುವಿಗೆ ಹತ್ತಿ ಮೈಬೂಬನ ಹೊಲ ಐತಿ. ಅಂವನ ಹೆಸರೂ ಓಡಿ ಹೋಗೈತೇನ ನೋಡೂಣು. ಯಾವದ ಒತ್ತೂದು, ಈ ಉದ್ದಂದೇನ?”

“ಹೌದ್ರಿ, ಆಯಿ.”

ಹೊರಗೆ ಹಾರ್ನ್ ಎರಡು ಸಲ ಕೂಗಿತು. ಸಕ್ಕುಬಾಯಿ ಮಣ್ಣು ಮೆತ್ತಿದ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಸ್ಪೇಸ್ ಒತ್ತಿದಳು. ಒಂದೊಂದೇ ಅಕ್ಷರ ಕೂಡಿಸಿಕೊಂಡು, ತುಟಿ ಅಲ್ಲಾಡಿಸುತ್ತ ಓದತೊಡಗಿದಳು. ಯಾದಿ ಅವಳಿಗಾಗಿ ಕಾಯುತ್ತ ನಿಂತಿತ್ತು.