ಮೇಷ್ಟ್ರು ಹೊರಗಿರಲಿ

ಬೀದಿಯವರೆಲ್ಲ ಅವರನ್ನು ಡ್ರೈವಿಂಗ್ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಡೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಕಲಿಯುವವರು ತಪ್ಪು ಮಾಡುವ ಮೊದಲೇ ಗದರಿಸುವುದು ಅವರ ಜೀವಮಾನದ ಕೆಲಸವಾಗಿತ್ತು. ಅವರು ನಿವೃತ್ತರಾದರೂ ಬಾಯಿ ನಿವೃತ್ತವಾಗಿರಲಿಲ್ಲ.

ಹೆಂಡತಿ ಬಣ್ಣದ ಅಂಗಡಿಯ ಕೌಂಟರಿನಲ್ಲಿ ದುಡಿದವರು. ಮೆದುಳಿನ ಸಣ್ಣ ರಕ್ತನಾಳಗಳು ಅಲ್ಲಲ್ಲಿ ಕಟ್ಟಿಕೊಂಡು ಈಗ ಅವರಿಗೆ ಮರೆವಿನ ಕಾಯಿಲೆ. ಕೆಲವು ವಾರ ಒಂದೇ ಸಮ ಇದ್ದು, ಇದ್ದಕ್ಕಿದ್ದ ಹಾಗೆ ನೆನಪಿನಲ್ಲಿ ಇನ್ನೊಂದು ಮೆಟ್ಟಿಲು ಕೆಳಗಿಳಿದುಬಿಡುತ್ತಿದ್ದರು.

"ಬಿಪಿ ಮಾತ್ರೆ ತಪ್ಪಿಸಬೇಡಿ. ಆದ್ರೆ ಹೋದ ನೆನಪು ವಾಪಸ್ ತರೋ ಮಾತ್ರೆ ನನ್ನ ಹತ್ರ ಇಲ್ಲ. ನಡೆಸಿ, ಮಾತಾಡಿಸಿ, ತಲೆಗೆ ಕೆಲಸ ಕೊಡಿ" ಎಂದಿದ್ದರು ಡಾಕ್ಟರು.

ಅಷ್ಟು ಸಾಕಾಯಿತು, ಮೇಷ್ಟ್ರು ಟೊಂಕ ಕಟ್ಟಿ ನಿಂತರು. ಪ್ರಾಣಿಗಳ, ಹಣ್ಣುಗಳ ಚಿತ್ರವಿರುವ ಕಾರ್ಡು ತಂದರು. ಆಕೆ ಬೆಳಗಿನ ಕಾಫಿ ಲೋಟ ಕೆಳಗಿಡುವ ಮೊದಲೇ ಪರೀಕ್ಷೆ ಶುರು.

"ಇವತ್ತು ಯಾವ ವಾರ?"

"ಶುಕ್ರವಾರ?"

"ನಿನ್ನೆ ಬುಧವಾರ ಅಂತ ಬಡ್ಕೊಂಡಿದ್ದೆ. ಹಾಗಾದ್ರೆ ಇವತ್ತು?"

"ನಿಮಗೆ ಗೊತ್ತಿದೆಯಲ್ಲ, ನನ್ನ ಯಾಕೆ ಕೇಳ್ತೀರಿ?"

"ನನಗೆ ಗೊತ್ತಿದ್ರೆ ಸಾಕಾ? ನೀನು ಹೇಳ್ಬೇಕು ಕಣೇ!"

ಒಂದು ಬೆಳಿಗ್ಗೆ ಆಕೆ ಕಾರ್ಡುಗಳನ್ನೆಲ್ಲ ಬಾಚಿ ಕಿಟಕಿಯಾಚೆ ಎಸೆದರು. ಆನೆ ಚರಂಡಿಗೆ ಬಿತ್ತು. ಮೇಷ್ಟ್ರು ಗೊಣಗುತ್ತ ಹೋಗಿ ಆರಿಸಿ ತಂದು, ಒರೆಸಿ, ಮತ್ತೆ ಮುಂದಿಟ್ಟರು. ಅಂದಿನಿಂದ ಅವರ ಯಾವ ಪ್ರಶ್ನೆಗೂ ಆಕೆ ತುಟಿ ಪಿಟಕ್ಕೆನ್ನಲಿಲ್ಲ.

ನೋಡಿ ನೋಡಿ ಸಾಕಾದ ಮಗಳು ಇಬ್ಬರನ್ನೂ ಮರೆವಿನ ಕಾಯಿಲೆಯವರನ್ನು ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರಕ್ಕೆ ಕರೆದೊಯ್ದಳು. ಕೋಣೆಯಲ್ಲಿ ವಯಸ್ಸಾದವರು ಮೇಜಿನ ಸುತ್ತ ಕೂತಿದ್ದರು. ಅಲ್ಲಿನ ಥೆರಪಿಸ್ಟ್ ಮೇಜಿನ ಮೇಲೆ ಬಣ್ಣ ಬಳಿದ ಹಲಗೆ ತುಂಡುಗಳನ್ನು ಹರಡಿ, "ಮಲಗೋ ಕೋಣೆಗೆ ಇದ್ರಲ್ಲಿ ಯಾವುದು ಚೆನ್ನ?" ಎಂದಳು.

ಹೆಂಡತಿ ಒಂದನ್ನು ಎತ್ತಿಕೊಂಡರು. ಹಿಂದಿನಿಂದ ಮೇಷ್ಟ್ರು, "ಅದು ಹಸಿರು ಕಣೇ, ಹಸಿರು ಅನ್ನು!" ಎಂದರು. ಆಕೆ ಹಲಗೆ ಕೆಳಗಿಟ್ಟರು. ಇನ್ನೊಂದಕ್ಕೆ ಕೈ ಹಾಕಿದರೂ ಅದೇ ಕಥೆ.

"ಸರ್, ಸ್ವಲ್ಪ ಹೊರಗೆ ಕೂತ್ಕೊಳ್ತೀರಾ?" ಎಂದಳು ಥೆರಪಿಸ್ಟ್.

ಹೊರಗಿನ ಬೆಂಚಿನ ಮೇಲೆ ಮೇಷ್ಟ್ರು ಕುದಿಯುತ್ತ ಕೂತರು. "ಇಷ್ಟು ವರ್ಷ ಸಂಸಾರ ಮಾಡಿದವನು ಹೊರಗೆ, ಮೊನ್ನೆ ಬಂದವಳು ಒಳಗೆ!"

"ಅಪ್ಪಾ, ಮೆಲ್ಲಗೆ" ಎಂದಳು ಮಗಳು.

ಅಷ್ಟರಲ್ಲಿ ಒಳಗಿನಿಂದ ಹೆಂಡತಿಯ ದನಿ ಕೇಳಿತು. "ಈ ಹಸಿರು ಆಸ್ಪತ್ರೆಗಾದ್ರೆ ಸರಿ. ಮನೆಗೆ ಬಳಿದ್ರೆ ಏಳ್ತಿದ್ದ ಹಾಗೇ ಜ್ವರ ಬಂದಂಗಾಗತ್ತೆ." ಎಲ್ಲರೂ ನಕ್ಕರು. ಆಕೆಯೂ ನಕ್ಕರು.

ಮಗಳ ಕಣ್ಣು ತುಂಬಿತು. ಮೇಷ್ಟ್ರಿಗೂ ಸಂತೋಷವಾಗಬೇಕಿತ್ತು. ಆದರೆ ಮೈಯೆಲ್ಲ ಉರಿಯಿತು. ನನ್ನ ಮುಂದೆ ಮೌನ, ಇವರ ಮುಂದೆ ಭಾಷಣ!

ಆಮೇಲೆ ಥೆರಪಿಸ್ಟ್ ಹೊರಬಂದು ವಿವರಿಸಿದಳು. "ನೆನಪಿದೆಯಾ ಅಂತ ನಾವು ಕೇಳಲ್ಲ ಸರ್. ಏನನ್ಸತ್ತೆ ಅಂತ ಕೇಳ್ತೀವಿ. ಅದಕ್ಕೆ ತಪ್ಪು ಉತ್ತರ ಇರಲ್ಲ."

"ಇದರಿಂದ ಹುಷಾರಾಗ್ತಾಳಾ?"

"ವಾಸಿಯಾಗತ್ತೆ ಅಂತ ಹೇಳೋಕಾಗಲ್ಲ. ಮಾತು, ಗಮನ ಸ್ವಲ್ಪ ಚುರುಕಾಗಬಹುದು. ಇರೋದು ಒಂದಷ್ಟು ಕಾಲ ಉಳೀಬಹುದು."

"ಬಹುದು, ಬಹುದು! ಬ್ರೇಕ್ ಒತ್ತಿದ್ರೆ ಗಾಡಿ ನಿಲ್ಲಬಹುದು ಅಂತ ನಾನು ಯಾರಿಗಾದ್ರೂ ಕಲಿಸಿದ್ದೀನಾ?"

ಆದರೂ ಆ ಸಂಜೆ ಊಟಕ್ಕೆ ಕೂತಾಗ, ವಾರ ಯಾವುದೆಂದು ಕೇಳಹೊರಟವರು ನಾಲಿಗೆ ಕಚ್ಚಿಕೊಂಡರು. ಗಂಟಲು ಸರಿಮಾಡಿಕೊಂಡು, "ನಮ್ಮನೆ ಬಗ್ಗೆ ನಿನಗೇನನ್ಸತ್ತೆ?" ಎಂದರು.

ಆಕೆ ಸುತ್ತಲೂ ನೋಡಿದರು. "ಮನೆ ಪರವಾಗಿಲ್ಲ. ನಿಮ್ಮ ಗಲಾಟೆನೇ ಜಾಸ್ತಿ."

ಎಷ್ಟೋ ದಿನಗಳ ಮೇಲೆ ಆಕೆ ಅವರಿಗೆ ಕೊಟ್ಟ ಉತ್ತರ! ತಿರುಗಿ ಆಡಬೇಕಾದ ಮಾತು ನಾಲಿಗೆ ತುದಿಗೆ ಬಂದಿತ್ತು. ಅನ್ನದ ಜೊತೆ ಅದನ್ನೂ ನುಂಗಿ, "ಮತ್ತೆ?" ಎಂದರು. ಆಕೆ ಹೇಳುತ್ತಲೇ ಹೋದರು. ಒಂದೂ ಹೊಗಳಿಕೆಯಿರಲಿಲ್ಲ.

ಮುಂದಿನ ವಾರ ಕೇಂದ್ರಕ್ಕೆ ಹೊರಟಾಗ ಆಕೆ ಬಾಗಿಲಲ್ಲಿ ನಿಂತು, "ಎಲ್ಲಿಗೆ ಹೋಗ್ತಿದ್ದೀವಿ ರೀ?" ಎಂದು ಮತ್ತೆ ಮತ್ತೆ ಕೇಳಿದರು. ಮೇಷ್ಟ್ರು ಹಲ್ಲು ಕಚ್ಚಿಕೊಂಡು ಮತ್ತೆ ಮತ್ತೆ ಹೇಳಿದರು.

"ಓ, ಅಲ್ಲಿಗಾ? ಸರಿ, ಬರ್ತೀನಿ. ನೀವು ಮಾತ್ರ ಹೊರಗೇ ಕೂತಿರಿ."

ಮೇಷ್ಟ್ರಿಗೆ ಎಲ್ಲಿಲ್ಲದ ಸಿಟ್ಟು ಬಂತು. ಬೆಂಚಿನ ಮೇಲೆ ಓದಲು ಪೇಪರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಾಗಿಲಿಗೆ ಬೀಗ ಹಾಕಿದರು.