ದಿಮ್ಮಿಯ ರಜೆ

ನಮ್ಮ ದೇಶದ ಫುಟ್‌ಬಾಲ್ ತಂಡ ಸೋಲಲಿ ಎಂದು ಇಡೀ ದೇಶದಲ್ಲಿ ಬಯಸುತ್ತಿದ್ದವಳು ಬಹುಶಃ ನಾನೊಬ್ಬಳೇ. ಬೈಯುವವರು ಬೈಯಲಿ. ತಂಡದ ಡಿಫೆಂಡರ್ ನನ್ನ ಬೇಕರಿಯಲ್ಲಿ ಹಿಟ್ಟು ನಾದುವವನು. ಆಳು ಗಟ್ಟಿ, ಮಾತು ಕಮ್ಮಿ, ತಳ್ಳಿದರೂ ಅಲುಗುವವನಲ್ಲ. ಅದಕ್ಕೇ ಎಲ್ಲರೂ ಅವನನ್ನು ದಿಮ್ಮಿ ಎನ್ನುತ್ತಾರೆ.

ಖಂಡದ ಕಪ್‌ಗೆ ಹೊರಡುವಾಗ ಒಂದು ವಾರ ರಜೆ ಕೇಳಿದ್ದ. "ಮೂರು ಮ್ಯಾಚು ಅಕ್ಕಾ, ಮೂರೂ ಸೋತು ಬಂದ್ಬಿಡ್ತೀವಿ," ಎಂದಿದ್ದ. ವಿನಯಕ್ಕೆ ಹೇಳಿದ ಮಾತಲ್ಲ ಅದು. ನಮ್ಮವರು ಮೊದಲ ಸುತ್ತು ದಾಟಿದ್ದನ್ನು ಕಂಡವರೇ ಇಲ್ಲ. ಗೋಲ್‌ಕೀಪರ್ ಅಂಚೆ ಹಂಚುವವನು, ಕೋಚ್ ಶಾಲೆಯ ಡ್ರಿಲ್ ಮೇಷ್ಟ್ರು. ಎಲ್ಲರೂ ವಾರದ ರಜೆ ಹಾಕಿಯೇ ವಿಮಾನ ಹತ್ತಿದ್ದರು.

ನನ್ನ ಗ್ರಹಚಾರ, ಹೋದವರು ಗೆಲ್ಲತೊಡಗಿದರು. ಒಂದೊಂದು ಗೆಲುವಿಗೂ ಊರು ಕುಣಿಯಿತು, ನನ್ನ ಮಣಿಕಟ್ಟು ಊದಿತು. ತೊಟ್ಟಿಗಟ್ಟಲೆ ಹಿಟ್ಟು ನಾದುವುದೆಂದರೆ ಹುಡುಗಾಟವೇ? ನಮ್ಮ ಯಜಮಾನರಿಗೆ ಉಬ್ಬಸ, ಭಟ್ಟಿಯ ಹತ್ತಿರ ನಿಲ್ಲುವಂತಿಲ್ಲ. ಗಲ್ಲಾದಲ್ಲಿ ಕೂತು, "ನಮ್ಮ ಹುಡುಗ, ನಮ್ಮ ಹುಡುಗ" ಎಂದು ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುವುದೇ ಅವರ ಕೆಲಸವಾಯಿತು.

ಫೈನಲ್‌ನ ಹಿಂದಿನ ದಿನ ದಿಮ್ಮಿ ಫೋನು ಮಾಡಿದ. "ಅಕ್ಕಾ, ಹೊರದೇಶದ ಒಂದು ದೊಡ್ಡ ಕ್ಲಬ್ಬಿನವರು ಬಂದಿದ್ರು. ನಾಳೆ ಗೆದ್ರೆ ನನ್ನ ಸೇರಿಸ್ಕೊಳ್ತಾರಂತೆ. ಆ ದೇಶದಲ್ಲೇ ಇರ್ಬೇಕಂತೆ. ಏನು ಹೇಳ್ಲಿ?"

"ಮೊದ್ಲು ಆಡೋ, ಆಮೇಲೆ ನೋಡೋಣ," ಎಂದು ಫೋನಿಟ್ಟೆ. ಅವನು ಬಾರದಿದ್ದರೆ ಅಂಗಡಿಗೆ ಬೀಗವೇ ಗತಿ. ಅವನಿಗಿಂತ ಮೊದಲು ಎಷ್ಟೋ ಜನ ಬಂದಿದ್ದರು. ಆ ಭಟ್ಟಿಯ ಶಾಖಕ್ಕೆ ಒಬ್ಬರೂ ನಿಲ್ಲಲಿಲ್ಲ.

ಮಾರನೆಯ ಮಧ್ಯಾಹ್ನ ಅಂಗಡಿಯ ಟಿ.ವಿ. ಮುಂದೆ ಬೀದಿಗೆ ಬೀದಿಯೇ ನೆರೆಯಿತು. ಎದುರಾಳಿಗಳು ಹಾಲಿ ಚಾಂಪಿಯನ್ನರು. ಚೆಂಡು ನಮ್ಮ ಗೋಲಿನ ಹತ್ತಿರವೇ ಬಿಡಾರ ಹೂಡಿಬಿಟ್ಟಿತ್ತು. ನಾನು ಹಿಂದೆ ನಿಂತು, ಒಂದು ಚೆಂಡು ಒಳಗೆ ಹೋಗಲಿ, ಒಂದೇ ಒಂದು, ಎಂದು ಬೇಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರಲ್ಲೊಬ್ಬ ಬಾರಿಸಿದ ಚೆಂಡು ದಿಮ್ಮಿಯ ಮುಖಕ್ಕೇ ಬಡಿಯಿತು. ಮೂಗಿನಿಂದ ರಕ್ತ. "ಅಯ್ಯೋ ಮಗನೇ!" ಎಂದು ನಾನು ಕಿರುಚಿದ್ದು ಆಚೆ ಬೀದಿಗೂ ಕೇಳಿಸಿರಬೇಕು. ಆಮೇಲೆ ಸೋಲನ್ನು ಬೇಡಿಕೊಳ್ಳಲು ಮನಸ್ಸು ಬರಲಿಲ್ಲ.

ಆಟ ಇನ್ನೇನು ಮುಗಿಯುತ್ತದೆ ಎನ್ನುವಾಗ ನಮಗೊಂದು ಕಾರ್ನರ್ ಸಿಕ್ಕಿತು. ಮೂಗಿಗೆ ಹತ್ತಿ ತುರುಕಿಕೊಂಡಿದ್ದ ದಿಮ್ಮಿ ಮುಂದಕ್ಕೆ ಓಡಿದ, ಎಲ್ಲರಿಗಿಂತ ಮೇಲೆ ಹಾರಿ ಹಣೆಯಿಂದ ಬಡಿದ. ಚೆಂಡು ಬಲೆಯೊಳಗೆ ಹೋಯಿತು. ಅದೊಂದೇ ಗೋಲಿಗೆ ಕಪ್ ನಮ್ಮದಾಯಿತು.

ಯಾರೋ ನನ್ನನ್ನು ಎತ್ತಿ ಕುಣಿಸಿದರು. ನಾನು ಗಳಗಳನೆ ಅತ್ತೆ. ಖುಷಿಗೆ ಅಳುತ್ತಿದ್ದಾಳೆ ಎಂದುಕೊಂಡರು. ಖುಷಿಯೂ ಇತ್ತು, ಸುಳ್ಳೇಕೆ ಹೇಳಲಿ? ಆದರೆ ಹುಡುಗ ಕೈತಪ್ಪಿ ಹೋದನಲ್ಲ ಎಂಬ ಸಂಕಟವೇ ಹೆಚ್ಚಾಗಿತ್ತು. ಯಜಮಾನರೊಬ್ಬರೇ ನನ್ನ ಮುಖ ನೋಡಿ ತಲೆ ತಗ್ಗಿಸಿದರು.

ಸ್ವಲ್ಪ ಹೊತ್ತಿಗೆ ಫೋನು ಬಂತು. ಆ ಕಡೆ ಹಾಡು, ಕೂಗಾಟ.

"ಗೆದ್ವಿ ಅಕ್ಕಾ. ನಾನು ಬಂದ್ಬಿಡ್ಲಾ? ನಾನಿಲ್ದೆ ಅಲ್ಲಿ ಹಿಟ್ಟು ನಾದೋರು ಯಾರು?"

ಬಾ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಬಂದೇ ಬರುವ ಪ್ರಾಣಿ ಅದು.

"ನೀನೊಬ್ನೇ ಏನೋ ಲೋಕದಲ್ಲಿ ಹಿಟ್ಟು ನಾದೋನು? ಹೊಸಬನ್ನ ಇಟ್ಕೊಂಡಾಯ್ತು. ನಿನಗಿಂತ ಚುರುಕಾಗಿದಾನೆ. ತೆಪ್ಪಗೆ ಹೋಗಿ ಕ್ಲಬ್ಬಿಗೆ ಸೇರ್ಕೋ."

ಇಲ್ಲದ ಹೊಸಬನ ಸುಳ್ಳು ಹೇಳಿ, ಕಪ್ ಗೆದ್ದ ದಿನವೇ ಅವನ ಮನಸ್ಸು ನೋಯಿಸಿದೆನಲ್ಲ ಎನಿಸಿತು.

"ಹಾಗಾದ್ರೆ ಅವನಿಗೆ ಹೇಳಿ ಅಕ್ಕಾ," ಎಂದ. "ಭಟ್ಟಿಯ ಎಡಮೂಲೆ ಜಾಸ್ತಿ ಕಾಯುತ್ತೆ. ಅಲ್ಲಿರೋ ಟ್ರೇನ ಮಧ್ಯದಲ್ಲಿ ಒಂದ್ಸಲ ತಿರುಗಿಸ್ಬೇಕು. ಇಲ್ದಿದ್ರೆ ಬ್ರೆಡ್ಡು ಸೀದು ಹೋಗುತ್ತೆ, ಪಾಪ, ನಿಮ್ಮ ಹತ್ರ ಬೈಸ್ಕೊಳ್ತಾನೆ."

ಅದನ್ನು ದಿಮ್ಮಿಗೆ ಕಲಿಸಿದವಳೇ ನಾನು.

"ಹೇಳ್ತೀನಿ ಬಿಡಪ್ಪ," ಎಂದೆ.