ಬಸುರಿ ಅಳಬಾರದು

“ನಗ್ತಾಳಾ ಅಂತಾನಾ? ಅಯ್ಯೋ ಸಿಸ್ಟರಮ್ಮ, ನಮ್ ಸೊಸೆ ಹಲ್ಲು ಕಿರಿಯೋ ಪೈಕಿ ಅಲ್ಲ ಕಣ್ರವ್ವ,” ಎಂದಳು ಪುಟ್ಟಸಿದ್ದಮ್ಮ.

ನರ್ಸ್ ಪ್ರಮೀಳಾ ಕೇಳಿದ್ದು ಸೊಸೆ ರಮ್ಯಳನ್ನು. ಪ್ರತಿ ಪ್ರಶ್ನೆಗೂ ಉತ್ತರ ಮಾತ್ರ ಅತ್ತೆಯದು. ಬಸುರಿಯರ ಮನಸ್ಸು ಹೇಗಿದೆಯೆಂದು ತಿಳಿಯಲು ಮೈಸೂರಿನ ಯಾವುದೋ ಸಂಸ್ಥೆಯವರು ಸರಗೂರಿನ ಕಡೆಯ ನರ್ಸುಗಳಿಗೆಲ್ಲ ಹತ್ತು ಪ್ರಶ್ನೆಗಳ ಹಾಳೆ ಹಂಚಿ ಹೋಗಿದ್ದರು. ಏಕಾಂತದಲ್ಲಿ ಕೇಳಿ ಎಂದು ಬೇರೆ ಬರೆದಿದ್ದರು. ಏಕಾಂತವಂತೆ! ಈ ಊರಲ್ಲಿ ಬಸುರಿಯನ್ನು ಬಯಲಿಗೂ ಒಬ್ಬಳನ್ನೇ ಕಳಿಸುವುದಿಲ್ಲ. ಪ್ರಮೀಳಾಗೆ ಮೈ ಉರಿಯುತ್ತಿತ್ತು.

“ಊಟ ಸೇರುತ್ತಾ ರಮ್ಯ?”

“ಒಂದು ಹಿಡಿ ತಿಂತಾಳೆ. ಹೊಟ್ಟೆಬಾಕಿ ಅಲ್ಲ.”

“ತಪ್ಪೆಲ್ಲ ನಂದೇ ಅಂತ ಅನ್ಸುತ್ತಾ?”

“ಊಂ ಮತ್ತೆ! ಎದುರು ಮಾತೇ ಇಲ್ಲ. ಏನಂದ್ರೂ ನಂದೇ ತಪ್ಪು ಅಂತ ಒಪ್ಕತಾಳೆ.” ಅತ್ತೆಯ ದನಿಯಲ್ಲಿ ಹೆಮ್ಮೆ.

ಒಳ್ಳೆ ಸೊಸೆಯ ಲಕ್ಷಣಗಳನ್ನೇ ಕಾಯಿಲೆ ಎಂದು ಬರೆದಿದ್ದಾರಲ್ಲ ಪುಣ್ಯಾತ್ಮರು!

ಟಿಕ್ ಹಾಕಿ ಎದ್ದು ಹೋಗಬಹುದಿತ್ತು. ಆದರೆ ಹೋದ ವಾರ ಉಪಕೇಂದ್ರದಲ್ಲಿ ತೂಕ ನೋಡುವಾಗ ಈ ಹುಡುಗಿ ಪಿಸುಗುಟ್ಟಿದ್ದಳು: “ಅಕ್ಕ, ಬಸ್ರಿ ಸತ್ರೆ ಮಗೀನೂ ಜೊತೇಲೇ ಹೋಯ್ತದಾ?” ಪ್ರಮೀಳಾ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಒಳಗೆ ಬಂದಿದ್ದಳು. ಅವತ್ತಿನಿಂದ ಪ್ರಮೀಳಾಗೆ ಅನ್ನ ರುಚಿಸಿರಲಿಲ್ಲ.

“ಅಮ್ಮಾ, ಒಂಚೂರು ಕಾಫಿ ಸಿಗುತ್ತಾ?” ಅತ್ತೆಯನ್ನು ಎಬ್ಬಿಸಲು ಬೇರೆ ದಾರಿ ತೋಚಲಿಲ್ಲ.

“ಅದ್ಕೇನು! ಏ ರಮ್ಯ, ಎದ್ದು ಕಾಪಿ ಕಾಯ್ಸು.”

ಏಳು ತಿಂಗಳ ಹೊಟ್ಟೆ ಹೊತ್ತ ರಮ್ಯ ಗೋಡೆ ಹಿಡಿದು ಎದ್ದಳು. ಪ್ರಮೀಳಾ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

“ಬೇಡ, ಕೂತ್ಕೊ! ಬೀಪಿ ನೋಡ್ಬೇಕು. ಅಮ್ಮಾ, ನೀವು ಆಚೆ ನಿಂತ್ಕೊಳ್ಳಿ. ಪಕ್ಕದಲ್ಲಿ ಜನ ಇದ್ರೆ ಸರಿಯಾಗಿ ಗೊತ್ತಾಗಲ್ಲ.”

ಬೀಪಿ ಎಂದರೆ ಪುಟ್ಟಸಿದ್ದಮ್ಮನಿಗೆ ಭಯಭಕ್ತಿ. ಹೊಸ್ತಿಲಾಚೆ ಹೋಗಿ ನಿಂತಳು. ರಮ್ಯಳ ತೋಳಿಗೆ ಪಟ್ಟಿ ಸುತ್ತುತ್ತ ಪ್ರಮೀಳಾ ಮೆಲ್ಲಗೆ ಕೇಳಿದಳು: “ಸಾಯ್ಬೇಕು ಅನ್ಸುತ್ತಾ?”

“ಊಂ ಅಂದ್ರೆ ಏನ್ ಮಾಡೀರಿ ಅಕ್ಕ?”

ಪ್ರಮೀಳಾ ಹಾಳೆಯತ್ತ ಕಣ್ಣು ಹಾಯಿಸಿದಳು. ಹಾಳೆಯ ಕೊನೆಗೆ ‘ದೊಡ್ಡಾಸ್ಪತ್ರೆಗೆ ಕಳಿಸಿ’ ಎಂದಷ್ಟೇ ಇತ್ತು. ಕಳಿಸುವುದಕ್ಕೆ ಇವಳೇನು ಪೋಸ್ಟಿನ ಕಾಗದವೇ?

“ಗುರುವಾರ ನಾನೇ ಮೈಸೂರಿಗೆ ಕರ್ಕೊಂಡು ಹೋಗ್ತೀನಿ. ಒಳ್ಳೆ ಡಾಕ್ಟ್ರಿದಾರೆ.”

“ದಿನಾ ಅನ್ಸ್ತದೆ,” ಎಂದಳು ರಮ್ಯ.

ಬೀಪಿ ಸರಿಯಾಗೇ ಇತ್ತು. ಪ್ರಮೀಳಾ ಬಾಗಿಲ ಕಡೆ ತಿರುಗಿ, “ಅಮ್ಮಾ, ಬೀಪಿ ಜಾಸ್ತಿ ಇದೆ. ಗುರುವಾರ ಮೈಸೂರಿಗೆ ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೂ ಒಬ್ಬಳನ್ನೇ ಬಿಡ್ಬೇಡಿ,” ಎಂದಳು. ಇಷ್ಟು ಹೊತ್ತು ಶಪಿಸಿದ ಕಾವಲನ್ನೇ ಈಗ ಬೇಡಬೇಕಾಯಿತು. “ಆಮೇಲೆ ತವರಲ್ಲಿ ಅವರಮ್ಮನ ಹತ್ರ ನಾಕು ದಿನ ಇರ್ಲಿ.”

“ಅವ್ರವ್ವ ಎಲ್ಲವ್ಳೆ? ಯುಗಾದಿ ಕಳೀತಿದ್ದಂಗೇ ತೀರೋದ್ಲು. ಬಸ್ರಿ ಹೆಣ ನೋಡ್ಬಾರ್ದಲ್ಲ, ಇವಳ್ನ ಮಣ್ಣಿಗೂ ಕಳಿಸ್ನಿಲ್ಲ. ಅಳಾಕೂ ಬುಡ್ನಿಲ್ಲ ಕಣ್ರವ್ವ, ಮಗೀಗೆ ಕೆಟ್ಟದಾಯ್ತದೆ ಅಂತ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕಂಡಿವ್ನಿ.”

ಹತ್ತು ಪ್ರಶ್ನೆಗಳಲ್ಲಿ ಒಂದೂ ಇದನ್ನು ಕೇಳಿರಲಿಲ್ಲ. ಯಾರನ್ನು ಬಯ್ಯಬೇಕೋ ಪ್ರಮೀಳಾಗೆ ತಿಳಿಯಲಿಲ್ಲ. ರಮ್ಯ ತುಟಿ ಕಚ್ಚಿ ಅಳು ತಡೆದುಕೊಂಡಿದ್ದಳು.

“ಅಳ್ಬೇಕು,” ಎಂದಳು ಪ್ರಮೀಳಾ ಗಟ್ಟಿಯಾಗಿ. “ಅತ್ರೇನೇ ಬೀಪಿ ಇಳಿಯೋದು.”

ಪುಟ್ಟಸಿದ್ದಮ್ಮ ತೋಳಿನ ಪಟ್ಟಿ ನೋಡಿದಳು, ಸೊಸೆಯ ಮುಖ ನೋಡಿದಳು. ಬೀದಿ ಬಾಗಿಲು ಮುಚ್ಚಿ ಬಂದು ಪಕ್ಕದಲ್ಲಿ ಕುಕ್ಕರಿಸಿದಳು.

“ಅಂಗಾರೆ ಅಳು ಮಗ. ಅತ್ಬುಡು.” ಆಮೇಲೆ ಪ್ರಮೀಳಾ ಕಡೆ ತಿರುಗಿದಳು. “ಎಷ್ಟೊತ್ತು ಅಳ್ಬೇಕು ಸಿಸ್ಟರಮ್ಮ?”

“ಅವ್ವಾ...” ಎಂದು ಬಿಕ್ಕಿದಳು ರಮ್ಯ.

ಪುಟ್ಟಸಿದ್ದಮ್ಮ ಏನೋ ಹೇಳಲು ಬಾಯಿ ತೆರೆದವಳು, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.